ಮರಳಿನಲ್ಲಿ ಮೂಡಿದ ನಾದ: ವಿಜ್ಞಾನಿ ಕ್ಲಾಡ್ನಿಯ ಬದುಕು



ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಿಮ್ಮ ಮನೆಯ ಹಿರಿಯರು ಏನು ಮಾಡುತ್ತಿದ್ದರೆಂದು ನೆನಪಿಸಿಕೊಳ್ಳಿ. ಮಡಕೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೆಲ್ಲನೆ ಬಡಿದು ಕಿವಿಗೊಡುತ್ತಿದ್ದರು. ಟಣ್ಣೆಂದರೆ ಚೆನ್ನಾಗಿ ಬೆಂದ ಮಡಕೆ. ಸದ್ದು ಒಡಕಾಗಿ ಬಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ ಎಂದು ತಿಳಿದು ಅದನ್ನು ಪಕ್ಕಕ್ಕಿಡುತ್ತಿದ್ದರು. ಬೆಳ್ಳಿ ರೂಪಾಯಿ ಚಲಾವಣೆಯಲ್ಲಿದ್ದ ಕಾಲದಲ್ಲಿ ಅಂಗಡಿಯವರು ನಾಣ್ಯವನ್ನು ಕಲ್ಲಿನ ಮೇಲೆ ಎಸೆದು, ಅದರ ನಾದದಿಂದಲೇ ಖೋಟಾ ಯಾವುದು, ಸಾಚಾ ಯಾವುದು ಎಂದು ಹೇಳುತ್ತಿದ್ದರು. ದಫ್ ಬಾರಿಸುವವರು ಅದರ ಚರ್ಮವನ್ನು ಬೆಂಕಿಗೆ ಹಿಡಿದು, ಬಡಿದು ನೋಡಿ, ಮತ್ತೆ ಬೆಂಕಿಗೆ ಹಿಡಿಯುವುದನ್ನು ನೀವು ನೋಡಿರಬಹುದು. ಚರ್ಮ ಬಿಗಿದಂತೆ ಸ್ವರ ಏರುತ್ತದೆ. ಎಷ್ಟು ಬಿಗಿದಿದೆ ಎಂಬುದನ್ನು ಕೈ ಹೇಳುವುದಕ್ಕಿಂತ ಮೊದಲು ಕಿವಿ ಹೇಳುತ್ತದೆ.

ಇಲ್ಲೆಲ್ಲ ನಡೆಯುತ್ತಿರುವುದು ಒಂದೇ ಕೆಲಸ. ವಸ್ತುವನ್ನು ಒಡೆಯದೆ, ಕೊರೆಯದೆ, ಅದು ನಡುಗುವ ರೀತಿಯಿಂದ ಅದರ ಒಳಗುಣವನ್ನು ತಿಳಿಯುವುದು. 2015ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಈ ಕೆಲಸವನ್ನು ಬರಿಯ ವಿಡಿಯೊದಿಂದ ಮಾಡಿ ತೋರಿಸಿದರು. ಲೋಹದ ಸಲಾಕೆಯ, ತೂಗುಬಿಟ್ಟ ಬಟ್ಟೆಯ ನಡುಕವನ್ನು ಕ್ಯಾಮೆರಾದಲ್ಲಿ ಹಿಡಿದು, ಕಣ್ಣಿಗೆ ಕಾಣದ ಆ ಅಲುಗಾಟದಿಂದಲೇ ಸಲಾಕೆ ಎಷ್ಟು ಗಡಸು, ಬಟ್ಟೆ ಎಷ್ಟು ಬಿಗಿ ಎಂದು ಅಂದಾಜು ಮಾಡಿದರು. ಆ ಪ್ರಯೋಗದ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಡುಕವನ್ನು ಕಿವಿಯಿಂದ ಕಣ್ಣಿಗೆ ದಾಟಿಸಿದ, ಕಣ್ಣಿನಿಂದ ಲೆಕ್ಕಕ್ಕೆ ತಂದ ಮನುಷ್ಯನೊಬ್ಬ ಅದಕ್ಕೂ ಇನ್ನೂರು ವರ್ಷಗಳಿಗಿಂತ ಹಿಂದೆ ಇದ್ದ. ಅವನ ಬಳಿ ಕ್ಯಾಮೆರಾ ಇರಲಿಲ್ಲ, ಪ್ರಯೋಗಾಲಯವಿರಲಿಲ್ಲ, ಸಂಬಳದ ನೌಕರಿಯೂ ಇರಲಿಲ್ಲ. ಒಂದು ಹಿತ್ತಾಳೆ ತಗಡು, ಒಂದು ಪಿಟೀಲಿನ ಕಮಾನು, ಒಂದು ಹಿಡಿ ಮರಳು ಇದ್ದವು. ಅವನ ಹೆಸರು ಅರ್ನ್ಸ್ಟ್ ಫ್ಲೋರೆನ್ಸ್ ಫ್ರೆಡರಿಕ್ ಕ್ಲಾಡ್ನಿ.

ಕ್ಲಾಡ್ನಿ ಹುಟ್ಟಿದ್ದು 1756ರ ನವೆಂಬರ್ 30ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ವಿಟೆನ್‌ಬರ್ಗ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಪೂರ್ವಿಕರು ಅಂದಿನ ಹಂಗೇರಿ ರಾಜ್ಯಕ್ಕೆ ಸೇರಿದ್ದ ಈಗಿನ ಸ್ಲೊವಾಕಿಯದ ಕಡೆಯವರು. ಧರ್ಮದ ಕಾರಣಕ್ಕೆ ಊರು ಬಿಟ್ಟು ಜರ್ಮನಿಗೆ ಬಂದ ಕುಟುಂಬ. ತಂದೆ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕರು. ತಾಯಿ ಬೇಗನೆ ತೀರಿಕೊಂಡರು. ತಂದೆಯದು ಬಹಳ ಕಟ್ಟುನಿಟ್ಟು. ಹುಡುಗ ಮನೆಯ ಹೊರಗೆ ಮನಬಂದಂತೆ ಆಡುವಂತಿರಲಿಲ್ಲ. ಭೂಪಟ, ನಕ್ಷತ್ರ, ದೂರದ ಸಮುದ್ರಗಳ ಪ್ರವಾಸದ ಪುಸ್ತಕ, ಇವುಗಳಲ್ಲೇ ಅವನ ಬಾಲ್ಯ ಕಳೆಯಿತು.

ಹುಡುಗನಿಗೆ ಪ್ರಕೃತಿ ವಿಜ್ಞಾನದಲ್ಲಿ ಒಲವು. ತಂದೆಗೆ ಅವನನ್ನು ವಕೀಲನನ್ನಾಗಿ ಮಾಡುವ ಹಟ. ಗೆದ್ದದ್ದು ತಂದೆ. ವಿಟೆನ್‌ಬರ್ಗ್‌ನಲ್ಲಿಯೂ ಲೈಪ್ಜಿಗ್‌ನಲ್ಲಿಯೂ ಓದಿ, 1782ರಲ್ಲಿ ಕ್ಲಾಡ್ನಿ ಕಾನೂನು ಪದವಿ ಪಡೆದ. ನಮ್ಮ ಮನೆಗಳಲ್ಲಿ ಡಾಕ್ಟರ್ ಅಥವಾ ಇಂಜಿನಿಯರ್ ಎಂಬ ಎರಡೇ ಬಾಗಿಲುಗಳನ್ನು ಮಕ್ಕಳ ಮುಂದೆ ತೆರೆದಿಡುವ ತಂದೆತಾಯಂದಿರಿಗೆ ಈ ಕಥೆ ಹೊಸದಲ್ಲ. ಆದರೆ ಆ ತಂದೆಯನ್ನು ಕೆಟ್ಟವರೆಂದು ನಾನು ಹೇಳಲಾರೆ. ಮಗನ ಹೊಟ್ಟೆಪಾಡಿನ ಚಿಂತೆ ಅವರಿಗಿತ್ತು. ಮುಂದೆ ಆದದ್ದನ್ನು ನೋಡಿದರೆ ಆ ಚಿಂತೆ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಪದವಿ ಬಂದ ವರ್ಷವೇ ತಂದೆ ತೀರಿಕೊಂಡರು. ಇಪ್ಪತ್ತಾರರ ಕ್ಲಾಡ್ನಿ ಕಾನೂನಿನ ಪುಸ್ತಕಗಳನ್ನು ಮುಚ್ಚಿಟ್ಟ. ವಿಜ್ಞಾನಕ್ಕೆ ತಿರುಗಿದ. ಕೈಯಲ್ಲಿ ಹಣವಿಲ್ಲ, ಹುದ್ದೆಯಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಡವಾಗಿ ಕಲಿತ ಪಿಯಾನೋ ವಾದನದಿಂದಾಗಿ ಸ್ವರದ ಜ್ಞಾನ ಮಾತ್ರ ಚೆನ್ನಾಗಿತ್ತು. ನಾದದ ಬಗ್ಗೆ ಆ ಕಾಲದ ಪುಸ್ತಕಗಳನ್ನು ಓದುತ್ತ ಹೋದಂತೆ ಅವನಿಗೊಂದು ಕೊರತೆ ಕಾಣಿಸಿತು. ತಂತಿ ಹೇಗೆ ನಡುಗುತ್ತದೆ, ಸಲಾಕೆ ಹೇಗೆ ಬಳುಕುತ್ತದೆ ಎಂಬುದನ್ನು ಆಯ್ಲರ್, ಬರ್ನೂಲಿ ಮೊದಲಾದ ಗಣಿತಜ್ಞರು ಲೆಕ್ಕ ಹಾಕಿದ್ದರು. ಆದರೆ ಗಂಟೆ, ತಟ್ಟೆ, ತಗಡು ಹೇಗೆ ನಡುಗುತ್ತವೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಂತಿಯ ನಡುಕವನ್ನಾದರೂ ಕಣ್ಣಿನಿಂದ ಮಸುಕಾಗಿ ಕಾಣಬಹುದು, ತಗಡಿನದು ಕಾಣುವುದೇ ಇಲ್ಲ.

ದಾರಿ ತೋರಿಸಿದ್ದು ಬೇರೊಂದು ಶಾಸ್ತ್ರ. ಗಟ್ಟಿಂಗೆನ್ ನಗರದ ಪ್ರಾಧ್ಯಾಪಕ ಲಿಚ್ಟೆನ್‌ಬರ್ಗ್ 1777ರಲ್ಲಿ, ವಿದ್ಯುತ್ ತುಂಬಿದ ರಾಳದ ಫಲಕದ ಮೇಲೆ ಧೂಳು ಉದುರಿಸಿದರೆ ನಕ್ಷತ್ರದಂತಹ ಚಿತ್ರಗಳು ಮೂಡುತ್ತವೆ ಎಂದು ತೋರಿಸಿದ್ದರು. ವಿದ್ಯುತ್ತಿನ ಗುರುತನ್ನು ಧೂಳು ತೋರಿಸುವುದಾದರೆ ನಡುಕದ ಗುರುತನ್ನೂ ಏಕೆ ತೋರಿಸಬಾರದು ಎಂದು ಕ್ಲಾಡ್ನಿಗೆ ಹೊಳೆಯಿತು. 1785ರ ಸುಮಾರಿಗೆ ಆತ ದುಂಡನೆಯ ಹಿತ್ತಾಳೆ ತಗಡೊಂದನ್ನು ನಡುವೆ ಗಟ್ಟಿಯಾಗಿ ಹಿಡಿದು, ಮೇಲೆ ಸಣ್ಣ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನನ್ನು ಎಳೆದ. ತಗಡು ಹಾಡಿತು. ಮರಳು ಕುಣಿದು, ಸರಿದು, ಕಿರಣಗಳ ಚಿತ್ರವಾಗಿ ನಿಂತಿತು.

ಇದು ಮಾಟವಲ್ಲ. ತಗಡು ನಡುಗುವಾಗ ಅದರ ಎಲ್ಲ ಭಾಗಗಳೂ ಒಂದೇ ರೀತಿ ನಡುಗುವುದಿಲ್ಲ. ಕೆಲವು ಭಾಗಗಳು ಮೇಲಕ್ಕೆ ಹೋದಾಗ ಪಕ್ಕದ ಭಾಗಗಳು ಕೆಳಕ್ಕೆ ಹೋಗುತ್ತವೆ. ಇವೆರಡರ ನಡುವಿನ ಗೆರೆಯಲ್ಲಿ ತಗಡು ಅಲುಗುವುದೇ ಇಲ್ಲ. ಕುಣಿಯುವ ಜಾಗದಿಂದ ಚಿಮ್ಮಿದ ಮರಳು ಅಲುಗದ ಗೆರೆಗೆ ಬಂದು ಸೇರುತ್ತದೆ. ಅಂಚಿನ ಒಂದು ಕಡೆ ಬೆರಳಿಟ್ಟು ಅಲ್ಲಿ ನಡುಕವನ್ನು ತಡೆದು, ಇನ್ನೊಂದು ಕಡೆ ಕಮಾನು ಎಳೆದರೆ ಸ್ವರ ಬದಲಾಗುತ್ತದೆ, ಚಿತ್ರವೂ ಬದಲಾಗುತ್ತದೆ. ಬೆರಳು, ಕಮಾನುಗಳ ಜಾಗ ಬದಲಿಸುತ್ತ ಕ್ಲಾಡ್ನಿ ಹತ್ತಾರು ಚಿತ್ರಗಳನ್ನು ಪಡೆದ. ಅವುಗಳ ನಕ್ಷೆ ಬರೆದು, ಪ್ರತಿಯೊಂದರ ಸ್ವರ ಯಾವುದೆಂದು ಗುರುತಿಸಿ, 1787ರಲ್ಲಿ ಲೈಪ್ಜಿಗ್‌ನಲ್ಲಿ ತೆಳ್ಳನೆಯ ಪುಸ್ತಕವೊಂದನ್ನು ಪ್ರಕಟಿಸಿದ. ಅದಕ್ಕೆ ನೂರು ವರ್ಷಗಳ ಹಿಂದೆ, 1680ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಗಾಜಿನ ಮೇಲೆ ಹಿಟ್ಟು ಉದುರಿಸಿ ಇಂತಹದನ್ನು ಕಂಡಿದ್ದ. ಆತ ಅದನ್ನು ಮುಂದುವರಿಸಲಿಲ್ಲ. ಒಂದೊಂದು ಸ್ವರಕ್ಕೂ ಒಂದೊಂದು ಚಿತ್ರವನ್ನು ಹೊಂದಿಸಿ, ಅದನ್ನು ಶಾಸ್ತ್ರವನ್ನಾಗಿ ಮಾಡಿದವನು ಕ್ಲಾಡ್ನಿ.

ಇಲ್ಲಿ ಒಂದು ಮಾತು. ಇಂತಹ ಲೇಖನ ಬರೆಯುವಾಗ ಎಲ್ಲವೂ ನಮ್ಮ ಪೂರ್ವಿಕ ವಿದ್ವಾಂಸರಿಂದಲೇ ಆರಂಭವಾಯಿತೆಂದು ಹೇಳಿಬಿಡುವ ಆಸೆ ನಮ್ಮಲ್ಲಿ ಹಲವರಿಗಿದೆ. ಹತ್ತನೆಯ ಶತಮಾನದ ಅಲ್ ಫಾರಾಬಿ ಸಂಗೀತದ ಮೇಲೆ ಮಹಾಗ್ರಂಥ ಬರೆದದ್ದು ನಿಜ. ಊದ್ ವಾದ್ಯದ ತಂತಿಯ ಯಾವ ಜಾಗದಲ್ಲಿ ಬೆರಳಿಟ್ಟರೆ ಯಾವ ಸ್ವರ ಎಂಬುದನ್ನು ಅದರಲ್ಲಿ ಲೆಕ್ಕ ಹಾಕಿದ್ದೂ ನಿಜ. ಬೆಳಕಿನ ವಿಷಯದಲ್ಲಿ ಪ್ರಯೋಗ ಮಾಡಿ ನೋಡದೆ ಒಪ್ಪಬಾರದೆಂಬ ಶಿಸ್ತನ್ನು ಇಬ್ನ್ ಅಲ್ ಹೈಥಮ್ ಕಲಿಸಿದ್ದೂ ನಿಜ. ಆದರೆ ಹಿತ್ತಾಳೆ ತಗಡಿನ ಮೇಲಿನ ಮರಳು ಕ್ಲಾಡ್ನಿಯದೇ. ಅದನ್ನು ಅವನಿಗೆ ಬಿಟ್ಟುಕೊಡುವುದರಿಂದ ಅಲ್ ಫಾರಾಬಿಯ ಗೌರವಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಪುಸ್ತಕದಿಂದ ಹೆಸರು ಬಂತು, ಅನ್ನ ಬರಲಿಲ್ಲ. ನಾದಶಾಸ್ತ್ರಕ್ಕೆಂದು ಪ್ರಾಧ್ಯಾಪಕ ಹುದ್ದೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಇರಲಿಲ್ಲ. ಬೇರೆ ಹುದ್ದೆಯೂ ಅವನಿಗೆ ಸಿಗಲಿಲ್ಲ, ಕೊನೆಯವರೆಗೂ ಸಿಗಲಿಲ್ಲ. ಆಗ ಕ್ಲಾಡ್ನಿ ತನ್ನದೇ ಜೀವನೋಪಾಯವೊಂದನ್ನು ಕಟ್ಟಿಕೊಂಡ. ಗಾಜಿನ ಕಡ್ಡಿಗಳನ್ನು ಒದ್ದೆ ಬೆರಳಿನಿಂದ ಸವರಿ ನುಡಿಸುವ ಹೊಸ ವಾದ್ಯವೊಂದನ್ನು 1790ರಲ್ಲಿ ತಯಾರಿಸಿ ಅದಕ್ಕೆ ಯೂಫೋನ್ ಎಂದು ಹೆಸರಿಟ್ಟ. ಹತ್ತು ವರ್ಷಗಳ ನಂತರ ತಿರುಗುವ ಗಾಜಿನ ಉರುಳೆಯ ಇನ್ನೊಂದು ವಾದ್ಯ ಬಂತು. ಇವುಗಳನ್ನೂ ತಗಡು, ಮರಳುಗಳನ್ನೂ ಕುದುರೆ ಗಾಡಿಗೆ ಹೇರಿಕೊಂಡು ಊರೂರು ಸುತ್ತಿದ. ಹೋದಲ್ಲೆಲ್ಲ ಟಿಕೆಟ್ ಇಟ್ಟು ಉಪನ್ಯಾಸ ಕೊಟ್ಟ, ತಗಡಿನ ಮೇಲೆ ಮರಳು ಕುಣಿಸಿದ, ವಾದ್ಯ ನುಡಿಸಿದ. ಕವಿ ಗಯಟೆಯಂತಹವರೂ ಅವನನ್ನು ಬರಮಾಡಿಕೊಂಡರು. ವಾದ್ಯಗಳ ಒಳರಚನೆಯನ್ನು ಮಾತ್ರ ಆತ ಬಹುಕಾಲ ಗುಟ್ಟಾಗಿಟ್ಟ. ಗುಟ್ಟು ಹೊರಬಿದ್ದರೆ ಬೇರೆಯವರು ಮಾಡಿ ಮಾರುತ್ತಾರೆ, ತನ್ನ ರೊಟ್ಟಿ ಹೋಗುತ್ತದೆ. 1821ರಲ್ಲಿ, ಅರವತ್ತು ದಾಟಿದ ಮೇಲೆ, ಅದನ್ನೂ ಪುಸ್ತಕ ಮಾಡಿ ಬಹಿರಂಗಪಡಿಸಿದ. ಆ ವಾದ್ಯಗಳು ಜನಪ್ರಿಯವಾಗಲೇ ಇಲ್ಲ.

ಓದುಗರೇ, ಮರಳಿನ ಚಿತ್ರಗಳಿಗಾಗಿಯೇ ಜಗತ್ತು ಕ್ಲಾಡ್ನಿಯನ್ನು ನೆನಪಿಟ್ಟುಕೊಂಡಿದೆ. ನೋಡಲು ಚಂದ, ಆದ್ದರಿಂದ ಶಾಲೆಯ ಪುಸ್ತಕಗಳಲ್ಲಿ ಅವೇ ಬರುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಆತ 1796ರ ನಂತರ ಸಲಾಕೆಗಳ ಮೇಲೆ ಮಾಡಿದ್ದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಾಳಿಯಲ್ಲಿ ಸದ್ದಿನ ವೇಗ ಆಗಲೇ ಗೊತ್ತಿತ್ತು. ದೂರದಲ್ಲಿ ಫಿರಂಗಿ ಹಾರಿಸಿ, ಬೆಂಕಿ ಕಂಡದ್ದಕ್ಕೂ ಸದ್ದು ಕೇಳಿದ್ದಕ್ಕೂ ನಡುವಿನ ಸಮಯ ಎಣಿಸಿದರೆ ಸಾಕು. ಕಬ್ಬಿಣದೊಳಗೆ ಸದ್ದು ಎಷ್ಟು ವೇಗವಾಗಿ ಹೋಗುತ್ತದೆ ಎಂದು ತಿಳಿಯುವುದು ಹೇಗೆ? ಮೈಲಿಗಟ್ಟಲೆ ಉದ್ದದ ಸಲಾಕೆಯನ್ನು ಎಲ್ಲಿಂದ ತರುವುದು? ಕ್ಲಾಡ್ನಿಗೆ ಅಷ್ಟು ಉದ್ದ ಬೇಕಾಗಲಿಲ್ಲ. ಸಲಾಕೆಯೊಂದನ್ನು ನಡುವೆ ಎರಡು ಬೆರಳಲ್ಲಿ ಹಿಡಿದು, ಗಾಜಿನದಾದರೆ ಒದ್ದೆ ಬಟ್ಟೆಯಿಂದ, ಲೋಹದ್ದಾದರೆ ರಾಳ ಹಚ್ಚಿದ ಬಟ್ಟೆಯಿಂದ, ಉದ್ದಕ್ಕೆ ಉಜ್ಜಿದರೆ ಅದು ಬಹಳ ಎತ್ತರದ ಸ್ವರದಲ್ಲಿ ಕೂಗುತ್ತದೆ. ಆಗ ಸಲಾಕೆ ಅಡ್ಡಡ್ಡ ಬಳುಕುತ್ತಿರುವುದಿಲ್ಲ. ತನ್ನ ಉದ್ದದಲ್ಲಿಯೇ ಕೂದಲಿಗಿಂತ ಎಷ್ಟೋ ಕಡಿಮೆ ಹಿಗ್ಗಿ ಕುಗ್ಗುತ್ತಿರುತ್ತದೆ. ಎರಡೂ ತುದಿ ತೆರೆದ ಆರ್ಗನ್ ಕೊಳವೆಯೊಳಗೆ ಗಾಳಿ ಮಾಡುವುದೂ ಇದನ್ನೇ. ಹಾಗಾದರೆ ಸಲಾಕೆಯಷ್ಟೇ ಉದ್ದದ ಕೊಳವೆಯೊಂದನ್ನು ಊದಿ, ಎರಡರ ಸ್ವರಗಳನ್ನು ಹೋಲಿಸಿದರಾಯಿತು. ಸಲಾಕೆಯ ಕಂಪನಗಳ ಸಂಖ್ಯೆ ಕೊಳವೆಯದಕ್ಕಿಂತ ಎಷ್ಟು ಪಟ್ಟು ಹೆಚ್ಚೋ, ಸಲಾಕೆಯೊಳಗೆ ಸದ್ದು ಗಾಳಿಗಿಂತ ಅಷ್ಟು ಪಟ್ಟು ವೇಗವಾಗಿ ಹೋಗುತ್ತದೆ!

ಬೇಕಾದದ್ದು ಸ್ವರ ಗುರುತಿಸುವ ಕಿವಿ ಮಾತ್ರ. ಅದು ಅವನಿಗಿತ್ತು. ತವರದಲ್ಲಿ ಗಾಳಿಗಿಂತ ಸುಮಾರು ಏಳೂವರೆ ಪಟ್ಟು, ಬೆಳ್ಳಿಯಲ್ಲಿ 9, ತಾಮ್ರದಲ್ಲಿ 12, ಕಬ್ಬಿಣ ಮತ್ತು ಗಾಜಿನಲ್ಲಿ 17 ಎಂದು ಆತ ಲೆಕ್ಕ ಕೊಟ್ಟ. ಇಂದಿನ ಅಳತೆಯಲ್ಲಿ ಕಬ್ಬಿಣದ ಸಲಾಕೆಗೆ ಅದು ಸುಮಾರು 15. ಕೈಗಡಿಯಾರದಷ್ಟು ಯಂತ್ರವೂ ಇಲ್ಲದೆ ಕಿವಿಯಿಂದ ಪಡೆದ ಉತ್ತರ ಇಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಸೋಜಿಗವೇ. ಕೆಲವು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಬಿಯೋ ಎಂಬ ವಿಜ್ಞಾನಿ 951 ಮೀಟರ್ ಉದ್ದದ ಎರಕದ ಕಬ್ಬಿಣದ ನೀರಿನ ಕೊಳವೆಯ ಒಂದು ತುದಿಯಲ್ಲಿ ಬಡಿಸಿ, ಇನ್ನೊಂದು ತುದಿಯಲ್ಲಿ ಕಿವಿಯಿಟ್ಟ. ಕಬ್ಬಿಣದ ಮೂಲಕ ಒಂದು ಸದ್ದು, ಎರಡೂವರೆ ಸೆಕೆಂಡು ತಡೆದು ಗಾಳಿಯ ಮೂಲಕ ಇನ್ನೊಂದು ಸದ್ದು ಬಂತು. ಬಿಯೋಗೆ ಸಿಕ್ಕ ಲೆಕ್ಕ ಗಾಳಿಯ ಹತ್ತೂವರೆ ಪಟ್ಟು. ಕೊಳವೆಗಳ ನಡುವೆ ಸೀಸದ ಬೆಸುಗೆಗಳಿದ್ದವು, ಎರಕದ ಕಬ್ಬಿಣದ ಗುಣವೂ ಬೇರೆ. ಒಂದು ಕಿಲೋಮೀಟರ್ ಕೊಳವೆಗಿಂತ ಮೊಳದುದ್ದದ ಸಲಾಕೆಯೇ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು.

ವೇಗ ತಿಳಿದರೆ ಏನು ಲಾಭ ಎಂದು ನೀವು ಕೇಳಬಹುದು. ಘನವಸ್ತುವಿನೊಳಗೆ ಸದ್ದಿನ ವೇಗವನ್ನು ನಿರ್ಧರಿಸುವುದು ಎರಡು ಗುಣಗಳು. ಒಂದು, ಅದು ಎಷ್ಟು ಗಡಸು, ಅಂದರೆ ಎಳೆದರೆ ಅಥವಾ ಒತ್ತಿದರೆ ಎಷ್ಟು ಬಲವಾಗಿ ಹಿಂದಿನ ಆಕಾರಕ್ಕೆ ಮರಳಲು ಹೆಣಗುತ್ತದೆ ಎಂಬುದು. ಇನ್ನೊಂದು, ಅದರ ಸಾಂದ್ರತೆ. ಗಡಸು ಹೆಚ್ಚಿದರೆ ವೇಗ ಹೆಚ್ಚು, ಸಾಂದ್ರತೆ ಹೆಚ್ಚಿದರೆ ವೇಗ ಕಡಿಮೆ. ಸಾಂದ್ರತೆಯನ್ನು ತಕ್ಕಡಿ ಹೇಳುತ್ತದೆ. ವೇಗವನ್ನು ಸಲಾಕೆಯ ಕೂಗು ಹೇಳುತ್ತದೆ. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಗಡಸುತನದ ಅಂಕಿ ಕೈಗೆ ಸಿಗುತ್ತದೆ. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಯಂಗ್‌ನ ಗುಣಾಂಕ ಎಂದು ಬಾಯಿಪಾಠ ಮಾಡುವುದು ಇದನ್ನೇ. ಸಲಾಕೆಯನ್ನು ಮುರಿಯಬೇಕಾಗಿಲ್ಲ, ಬಗ್ಗಿಸಬೇಕಾಗಿಲ್ಲ. ಮಡಕೆ ಬಡಿದು ನೋಡುವ ಗೃಹಿಣಿ ಒಳ್ಳೆಯದು, ಕೆಟ್ಟದು ಎಂದಷ್ಟೇ ಹೇಳುತ್ತಿದ್ದಳು. ಕ್ಲಾಡ್ನಿಯ ದಾರಿಯಲ್ಲಿ ಹೋದವರಿಗೆ ಅಂಕಿಯೇ ದೊರೆಯಿತು. ತಗಡಿನ ವಿಷಯದಲ್ಲಿಯೂ ಹೀಗೆಯೇ. ಒಂದೇ ಅಳತೆಯ ಹಿತ್ತಾಳೆ ತಗಡಿನಲ್ಲಿಯೂ ಉಕ್ಕಿನ ತಗಡಿನಲ್ಲಿಯೂ ಮರಳಿನ ಚಿತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಸ್ವರ ಬೇರೆಯಾಗುತ್ತದೆ. ನಾರಿರುವ ಮರದ ಹಲಗೆಯಲ್ಲಾದರೆ ಚಿತ್ರವೂ ಸೊಟ್ಟಗಾಗುತ್ತದೆ. ಪಿಟೀಲು ತಯಾರಿಸುವ ಕುಶಲಿಗರಲ್ಲಿ ಕೆಲವರು ಇಂದಿಗೂ ಹಲಗೆಯನ್ನು ಎಲ್ಲಿ ಇನ್ನಷ್ಟು ಕೆತ್ತಬೇಕೆಂದು ತಿಳಿಯಲು ಕ್ಲಾಡ್ನಿ ಚಿತ್ರಗಳನ್ನೇ ನೋಡುತ್ತಾರೆ.

ಈ ನಡುವೆ ಆತ ಇನ್ನೊಂದು ವಿಷಯದಲ್ಲಿ ಊರವರ ನಗೆಗೀಡಾದ. 1794ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕವೊಂದರಲ್ಲಿ, ಸೈಬೀರಿಯದಲ್ಲಿ ಸಿಕ್ಕಿದ್ದ ಸುಮಾರು 700 ಕಿಲೋ ತೂಕದ ಕಬ್ಬಿಣದ ಗಡ್ಡೆ ಮತ್ತು ಅಂತಹ ಇತರ ಕಲ್ಲುಗಳು ಭೂಮಿಯವಲ್ಲ, ಆಕಾಶದಾಚೆಯಿಂದ ಬಿದ್ದವು ಎಂದು ವಾದಿಸಿದ. ಆಕಾಶದಿಂದ ಕಲ್ಲು ಬೀಳುವುದು ಹಳ್ಳಿಗರ ಮೂಢನಂಬಿಕೆ ಎಂಬುದು ಅಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕ್ಲಾಡ್ನಿ ಒಂದು ಕಲ್ಲೂ ಬೀಳುವುದನ್ನು ನೋಡಿದವನಲ್ಲ. ಹಳೆಯ ದಾಖಲೆಗಳನ್ನು ಗ್ರಂಥಾಲಯದಲ್ಲಿ ಕೆದಕಿ, ಬೇರೆ ಬೇರೆ ಕಾಲದ, ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದಾರೆಂದು ತೋರಿಸಿದ. ತಂದೆ ಬಲವಂತದಿಂದ ಓದಿಸಿದ ಕಾನೂನು ಇಲ್ಲಿ ಉಪಯೋಗಕ್ಕೆ ಬಂತು ನೋಡಿ! 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೆಗ್ಲ್ ಎಂಬ ಊರಿನ ಸುತ್ತ ಹಾಡುಹಗಲೇ ಸುಮಾರು ಮೂರು ಸಾವಿರ ಕಲ್ಲುಗಳು ಬಿದ್ದವು. ಸರಕಾರ ಕಳುಹಿಸಿದ ತನಿಖಾಧಿಕಾರಿ, ಮೇಲೆ ಹೇಳಿದ ಬಿಯೋ. ಆತನ ವರದಿಯ ನಂತರ ನಗುವುದು ನಿಂತಿತು.

1802ರಲ್ಲಿ ಕ್ಲಾಡ್ನಿ ನಾದಶಾಸ್ತ್ರದ ದೊಡ್ಡ ಗ್ರಂಥವನ್ನು ಹೊರತಂದ. 1808ರ ಕೊನೆಗೆ ಪ್ಯಾರಿಸ್ ತಲುಪಿದ. ಮುಂದಿನ ಫೆಬ್ರವರಿಯಲ್ಲಿ ಸಾಮ್ರಾಟ ನೆಪೋಲಿಯನ್‌ನ ಅರಮನೆಯಿಂದ ಕರೆ ಬಂತು. ಸುಮಾರು ಎರಡು ಗಂಟೆಗಳ ಕಾಲ ಆತ ಸಾಮ್ರಾಟನ ಮುಂದೆ ತಗಡು ನುಡಿಸಿದ. ಗಣಿತ ಬಲ್ಲ ನೆಪೋಲಿಯನ್‌ಗೆ ವಿಷಯದ ತೂಕ ತಿಳಿಯಿತು. ಗ್ರಂಥವನ್ನು ಫ್ರೆಂಚ್ ಭಾಷೆಗೆ ತರಲು 6000 ಫ್ರಾಂಕ್ ಕೊಡಿಸಿದ. ಮರಳು ಏಕೆ ಹೀಗೆಯೇ ನಿಲ್ಲುತ್ತದೆ ಎಂಬುದನ್ನು ಗಣಿತದಿಂದ ವಿವರಿಸುವವರಿಗೆ 3000 ಫ್ರಾಂಕ್ ಮೌಲ್ಯದ ಬಂಗಾರದ ಪದಕವನ್ನು ಫ್ರಾನ್ಸಿನ ವಿದ್ವತ್ ಸಂಸ್ಥೆಯ ಮೂಲಕ ಘೋಷಿಸಲಾಯಿತು. ಇದ್ದ ಗಣಿತ ಈ ಸಮಸ್ಯೆಗೆ ಸಾಲದೆಂದು ಮಹಾಗಣಿತಜ್ಞ ಲಗ್ರಾಂಜ್ ಅಭಿಪ್ರಾಯಪಟ್ಟಿದ್ದರಿಂದ ಹೆಚ್ಚಿನವರು ಹಿಂಜರಿದರು. 1811ರಲ್ಲಿ ಗಡುವು ಮುಗಿದಾಗ ಬಂದಿದ್ದುದು ಒಂದೇ ಒಂದು ಪ್ರಬಂಧ. ಬರೆದವಳು ಒಬ್ಬ ಹೆಣ್ಣುಮಗಳು, ಸೋಫಿ ಜರ್ಮೈನ್.

ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ತಿಳಿದಿರಬೇಕು. ಸೋಫಿ 1776ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ಹದಿಮೂರರ ಪ್ರಾಯದಲ್ಲಿ, ಹೊರಗೆ ಕ್ರಾಂತಿಯ ಗಲಭೆ ನಡೆಯುತ್ತಿದ್ದಾಗ, ತಂದೆಯ ಗ್ರಂಥಾಲಯದಲ್ಲಿ ಗಣಿತ ಓದತೊಡಗಿದಳು. ಹೆಣ್ಣುಮಗಳಿಗೆ ಗಣಿತ ತಕ್ಕದ್ದಲ್ಲವೆಂದು ಮನೆಯವರು ರಾತ್ರಿ ದೀಪ ತೆಗೆದಿಟ್ಟರು, ಚಳಿಗೆ ಬೆಂಕಿ ಹಾಕಲಿಲ್ಲ, ಬೆಚ್ಚನೆಯ ಬಟ್ಟೆಗಳನ್ನೂ ಎತ್ತಿಟ್ಟರು. ಆಕೆ ಬಚ್ಚಿಟ್ಟ ಮೇಣದಬತ್ತಿಯ ಬೆಳಕಿನಲ್ಲಿ, ರಜಾಯಿ ಹೊದ್ದುಕೊಂಡು ಓದಿದಳು. ಕೊನೆಗೆ ಸೋತದ್ದು ಹೆತ್ತವರು. ಮುಂದೆ ಅದೇ ತಂದೆ ಬದುಕಿನುದ್ದಕ್ಕೂ ಆಕೆಯ ಖರ್ಚುವೆಚ್ಚ ನೋಡಿಕೊಂಡರೆಂಬುದನ್ನೂ ಹೇಳಬೇಕು. 1794ರಲ್ಲಿ ತೆರೆದ ಪ್ಯಾರಿಸ್ಸಿನ ದೊಡ್ಡ ತಾಂತ್ರಿಕ ವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಲ್ಲಿನ ಪಾಠದ ಟಿಪ್ಪಣಿಗಳನ್ನು ಹೇಗೋ ತರಿಸಿಕೊಂಡು, ಲ ಬ್ಲಾಂ ಎಂಬ ಗಂಡು ಹೆಸರಿನಲ್ಲಿ ಲಗ್ರಾಂಜ್‌ಗೆ ಉತ್ತರ ಬರೆದು ಕಳುಹಿಸುತ್ತಿದ್ದಳು.

ಆಕೆಯ ಮೊದಲ ಪ್ರಬಂಧದಲ್ಲಿ ತಪ್ಪುಗಳಿದ್ದವು. ಕಾಲೇಜು ಕಲಿಸಬೇಕಾಗಿದ್ದನ್ನು ಒಬ್ಬಳೇ ಕಲಿತರೆ ಅಲ್ಲಲ್ಲಿ ತೂತು ಉಳಿಯುವುದು ಸಹಜ. ಲಗ್ರಾಂಜ್ ಸಮೀಕರಣವನ್ನು ತಿದ್ದಿದರು. 1813ರಲ್ಲಿ ಮತ್ತೆ ಕಳುಹಿಸಿದಳು, ಮೆಚ್ಚುಗೆ ಸಿಕ್ಕಿತು, ಬಹುಮಾನ ಸಿಗಲಿಲ್ಲ. ಮೂರನೆಯ ಸಲ, 1816ರ ಜನವರಿಯಲ್ಲಿ, ಬಹುಮಾನ ಬಂತು. ಸಮಾರಂಭಕ್ಕೆ ಆಕೆ ಹೋಗಲಿಲ್ಲ. ಸಿದ್ಧಾಂತದಲ್ಲಿ ಉಳಿದಿದ್ದ ಕೊರತೆಯನ್ನು 1850ರಲ್ಲಿ ಕಿರ್ಕಾಫ್ ಸರಿಪಡಿಸಿದ. 1889ರಲ್ಲಿ ಕಟ್ಟಿ ಮುಗಿಸಿದ ಐಫೆಲ್ ಗೋಪುರದ ಮೇಲೆ ಫ್ರಾನ್ಸಿನ 72 ವಿಜ್ಞಾನಿ, ಎಂಜಿನಿಯರುಗಳ ಹೆಸರು ಕೆತ್ತಲಾಯಿತು. ಉಕ್ಕು, ಕಬ್ಬಿಣಗಳು ಭಾರಕ್ಕೆ ಹೇಗೆ ಬಾಗುತ್ತವೆಂದು ಲೆಕ್ಕ ಹಾಕಿದವರ ಹೆಸರುಗಳೂ ಅದರಲ್ಲಿವೆ. ಆ ಪಟ್ಟಿಯಲ್ಲಿ ಸೋಫಿಯ ಹೆಸರು ಹಾಕಲಿಲ್ಲ.

ಕ್ಲಾಡ್ನಿಯ ಮರಳು ನಮ್ಮ ಬೆಂಗಳೂರಿಗೂ ಬಂದಿದೆ. ಸರ್ ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. 1934ರಲ್ಲಿ ಭಾರತದ ಚರ್ಮವಾದ್ಯಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮೃದಂಗದ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಬೆರಳಿನಿಂದ ಅಲ್ಲಲ್ಲಿ ಮುಟ್ಟಿ ಬಾರಿಸಿ, ಮೂಡಿದ ಗೆರೆಗಳ ಛಾಯಾಚಿತ್ರ ತೆಗೆದರು. ನಡುವೆ ಹಚ್ಚುವ ಕಪ್ಪು ಕರಣೆಯ ಭಾರದಿಂದಾಗಿಯೇ ಮೃದಂಗ, ತಬಲಾಗಳ ನಾದ ತಂತಿವಾದ್ಯದಂತೆ ಇಂಪಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದನ್ನು ಮೊದಲು ಕಂಡುಕೊಂಡಿದ್ದು ಹೆಸರು ಉಳಿಯದ ವಾದ್ಯಗಾರರು. ರಾಮನ್ ಅವರಿಗೆ ನೊಬೆಲ್ ತಂದ 1928ರ ಶೋಧನೆಯೂ ಒಂದರ್ಥದಲ್ಲಿ ಇದೇ ಜಾತಿಯದು. ಚದುರಿದ ಬೆಳಕಿನ ಬಣ್ಣದಲ್ಲಾಗುವ ಬದಲಾವಣೆಯಿಂದ ಅಣುಗಳ ಕಂಪನವನ್ನು ಓದಿ, ವಸ್ತು ಯಾವುದೆಂದು ಹೇಳುವುದು.

ಈಗ ಆರಂಭದಲ್ಲಿ ಹೇಳಿದ ಕ್ಯಾಮೆರಾದ ವಿಷಯ. ಎಂಐಟಿಯಲ್ಲಿ ಏಬ್ ಡೇವಿಸ್ ಮತ್ತು ಜೊತೆಗಾರರು 2014ರಲ್ಲಿ, ಗಾಜಿನಾಚೆ ಬಿದ್ದಿದ್ದ ಚಿಪ್ಸ್ ಪೊಟ್ಟಣವನ್ನು ಚಿತ್ರೀಕರಿಸಿ, ಮಾತಿನ ಸದ್ದಿಗೆ ಅದು ನಡುಗಿದ್ದರಿಂದ ಆ ಮಾತನ್ನೇ ಮರಳಿ ಪಡೆದರು. ಕದ್ದು ಕೇಳುವವರ ಕೈಗೆ ಇದು ಸಿಕ್ಕರೆ ಏನಾದೀತು ಎಂದು ಆಗಲೇ ಚರ್ಚೆಯಾಯಿತು. ಮರುವರ್ಷ ಅವರು ತಿರುಗಿದ್ದು ವಸ್ತುವಿನ ಕಡೆಗೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಉಕ್ಕಿನ ಸಲಾಕೆಗಳ ಒಂದು ತುದಿಯನ್ನು ಬಿಗಿದು, ಬಡಿದು, ವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಅಲುಗಾಟ ಚಿತ್ರದ ಒಂದು ಚುಕ್ಕೆಯ ಸಣ್ಣ ಪಾಲಿನಷ್ಟೂ ಇಲ್ಲ, ಬರಿಗಣ್ಣಿಗೆ ಸಲಾಕೆ ಸುಮ್ಮನೆ ನಿಂತಂತೆಯೇ ಕಾಣುತ್ತದೆ. ಅಂಚಿನ ಚುಕ್ಕೆಗಳ ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದನ್ನು ಕಂಪ್ಯೂಟರ್ ಎಣಿಸಿ, ಸಲಾಕೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂದು ಹೇಳುತ್ತದೆ. ಉದ್ದ, ದಪ್ಪ, ಸಾಂದ್ರತೆ ತಿಳಿದಿದ್ದರೆ ಗಡಸುತನದ ಅಂಕಿ ಲೆಕ್ಕಕ್ಕೆ ಸಿಗುತ್ತದೆ. 30 ಬಗೆಯ ಬಟ್ಟೆಗಳನ್ನು ತೂಗುಹಾಕಿ, ಧ್ವನಿವರ್ಧಕದ ಸದ್ದಿನಿಂದ ನಡುಗಿಸಿ, ಅವುಗಳ ಬಿಗಿ ಮತ್ತು ತೂಕವನ್ನೂ ಹೀಗೆಯೇ ಅಂದಾಜು ಮಾಡಿದರು. ಆ ತಂಡದಲ್ಲಿದ್ದ ಕೇಟಿ ಬೌಮನ್ ಎಂಬ ಯುವತಿ 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರವನ್ನು ರೂಪಿಸಿದವರಲ್ಲಿ ಒಬ್ಬಳಾಗಿ ಜಗತ್ತಿಗೆ ಪರಿಚಿತಳಾದಳು.

ನಿಮ್ಮ ಶಾಲೆಯಲ್ಲಿ ಇದನ್ನು ಮಾಡಲು ಅಷ್ಟೆಲ್ಲ ಬೇಡ. ಗೇಣುದ್ದದ ಚೌಕ ಅಲ್ಯೂಮಿನಿಯಂ ತಗಡೊಂದನ್ನು ನಡುವೆ ಬೋಲ್ಟ್ ಹಾಕಿ ಮರದ ತುಂಡಿಗೆ ಬಿಗಿಯಿರಿ. ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ಮರಳು ಅಥವಾ ಪುಡಿ ಉಪ್ಪು ಉದುರಿಸಿ. ರಾಳ ಹಚ್ಚಿದ ಪಿಟೀಲಿನ ಕಮಾನನ್ನು ಅಂಚಿನ ಮೇಲೆ ನೇರವಾಗಿ ಮೇಲಿಂದ ಕೆಳಕ್ಕೆ ಎಳೆಯಿರಿ. ಮೊದಲ ನಾಲ್ಕೈದು ಸಲ ಕಿರುಗುಟ್ಟುವುದು ಬಿಟ್ಟರೆ ಏನೂ ಆಗದು. ಬೆರಳಿನ ಜಾಗ ಬದಲಿಸುತ್ತ ಹೋದರೆ ಒಂದು ಸಲ ತಗಡು ಶುದ್ಧವಾಗಿ ನುಡಿಯುತ್ತದೆ, ಮರಳು ತಾನಾಗಿ ಸಾಲುಗಟ್ಟುತ್ತದೆ.

ಕ್ಲಾಡ್ನಿಯ ಕೊನೆಯ ವರ್ಷಗಳನ್ನು ಹೇಳಿ ಮುಗಿಸುತ್ತೇನೆ. ತನ್ನ ಕೆಲಸಕ್ಕೆ ಬೆಲೆ ಕಟ್ಟಿದ ಅದೇ ನೆಪೋಲಿಯನ್‌ನ ಯುದ್ಧ 1813ರಲ್ಲಿ ವಿಟೆನ್‌ಬರ್ಗ್‌ನ ಬಾಗಿಲಿಗೆ ಬಂತು. ಊರಿಗೆ ಮುತ್ತಿಗೆ ಬಿತ್ತು. ಕ್ಲಾಡ್ನಿ ಪಕ್ಕದ ಕೆಂಬರ್ಗ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದ. ತಂದೆ ಪಾಠ ಹೇಳಿದ್ದ ವಿಶ್ವವಿದ್ಯಾಲಯವನ್ನು 1817ರಲ್ಲಿ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಸೇರಿಸಿಬಿಟ್ಟರು. 1819ರಲ್ಲಿ ಉಲ್ಕೆಗಳ ಬಗ್ಗೆ ದೊಡ್ಡ ಪುಸ್ತಕ ಬಂತು. ಎಪ್ಪತ್ತು ತುಂಬಿದ ಮೇಲೂ ಗಾಡಿ ನಿಲ್ಲಲಿಲ್ಲ, ಏಕೆಂದರೆ ಪಿಂಚಣಿ ಕೊಡುವವರು ಯಾರೂ ಇರಲಿಲ್ಲ. 1827ರ ವಸಂತದಲ್ಲಿ ಉಪನ್ಯಾಸಕ್ಕೆಂದು ಆತ ಬ್ರೆಸ್ಲಾ ನಗರಕ್ಕೆ ಹೋದ. ಇಂದು ಅದು ಪೋಲೆಂಡಿನ ವ್ರೊತ್ಸ್ವಾಫ್. ಏಪ್ರಿಲ್ 3ರಂದು ಅಲ್ಲಿಯೇ ತೀರಿಕೊಂಡ. ಮೂರು ದಶಕಗಳ ಕಾಲ ಗಾಡಿಯ ಪ್ರಯಾಣದಲ್ಲಿ ಕಂಡಲ್ಲೆಲ್ಲ ಕೊಂಡು, ಬೇಡಿ, ವಿನಿಮಯ ಮಾಡಿ ಕೂಡಿಸಿದ್ದ ಉಲ್ಕಾಶಿಲೆಗಳನ್ನು ಆತ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದ. ಆ ಸಂಗ್ರಹ ಈಗ ಬರ್ಲಿನ್ ನಗರದ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿದೆ.